ಹುಸೇನಬೀಯ ದನಿಯ ಮೇಲೆ ಎಳೆದ ಗೆರೆ

ಆಳಂದದ ಬಸ್ ಸ್ಟ್ಯಾಂಡಿನ ಹಿಂದೆ ಕ್ಯಾಸೆಟ್ ಅಂಗಡಿ ಇಟ್ಟುಕೊಂಡಿದ್ದ ಸೈದಪ್ಪ ಕೆಟ್ಟ ಮನುಷ್ಯನೇನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಿಮಗೆ ಅವನ ಮೇಲೆ ಸಿಟ್ಟು ಬರುತ್ತದೆ, ನನಗೂ ಬಂದಿತ್ತು. ಅಂಗಡಿಯ ಒಳಕೋಣೆಯ ಗೋಡೆಗೆ ಗೋಣಿಚೀಲ ಬಡಿದು ಹದಿನೈದು ವರ್ಷ ಭಜನೆ, ತತ್ವಪದ ರೆಕಾರ್ಡ್ ಮಾಡಿದವನು ಅವನು. ಹಾಡುವವರ ದನಿ ಏರಿದಾಗ ಗುಂಡಿ ಇಳಿಸುವುದು, ಇಳಿದಾಗ ಏರಿಸುವುದು, ಎಲ್ಲ ಬೆರಳಿನಲ್ಲೇ. ಬೆರಳು ತಪ್ಪಿದರೆ ಹಾಡು ಮತ್ತೆ ಮೊದಲಿಂದ.

ತೊಂಬತ್ತೆಂಟರಲ್ಲಿ ಸೊಲ್ಲಾಪುರದಿಂದ ಒಂದು ಹಳೆಯ ಕಂಪ್ಯೂಟರ್ ತಂದ. ಅದರೊಳಗಿನ ಹಾಡಿನ ಸಾಫ್ಟ್‌ವೇರ್ ಅವನಿಗೆ ಹುಚ್ಚು ಹಿಡಿಸಿತು. ಪರದೆಯ ಮೇಲೆ ಒಬ್ಬೊಬ್ಬರ ದನಿಗೂ ಒಂದೊಂದು ಪಟ್ಟಿ, ಪಟ್ಟಿಯುದ್ದಕ್ಕೂ ಒಂದು ಗೆರೆ. ಗೆರೆಗೆ ಚುಕ್ಕಿ ಇಟ್ಟು ಮೇಲಕ್ಕೆಳೆದರೆ ಅಲ್ಲಿ ದನಿ ಏರುತ್ತದೆ, ಕೆಳಕ್ಕೆಳೆದರೆ ಇಳಿಯುತ್ತದೆ. ಒಮ್ಮೆ ಎಳೆದಿಟ್ಟರೆ ಸಾಕು, ಯಂತ್ರ ಪ್ರತಿ ಸಲವೂ ಹಾಗೇ ನುಡಿಸುತ್ತದೆ. ಮದುವೆಯ ಹಾಡೊಂದರಲ್ಲಿ ಎತ್ತಿನ ಗೆಜ್ಜೆಯ ಗೆರೆಯನ್ನು ತಳದಿಂದ ನಿಧಾನವಾಗಿ ಏರಿಸಿದ. ಗಾಡಿ ದೂರದಿಂದ ಬಂದು ಮನೆ ಮುಂದೆಯೇ ನಿಂತಂತಾಯಿತು. ಬಜಾರವೆಲ್ಲ ಶಹಬ್ಬಾಸ್ ಅಂದಿತು. ಮುಗಿಯಿತಲ್ಲ! ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ, ಇವನೂ ಕಂಡಕಂಡ ಹಾಡಿನ ಗೆರೆ ಜಗ್ಗತೊಡಗಿದ.

ಆಗಲೇ ಮಾದನಹಿಪ್ಪರಗಾದಿಂದ ನಿಂಬೆವ್ವ, ಹುಸೇನಬೀ ಎಂಬ ಇಬ್ಬರು ಹಿರಿಯರು ಹಾಡಲು ಬಂದರು. ಅದು ಸೈದಪ್ಪನ ಹುಟ್ಟೂರು. ಅಲ್ಲಿ ಯಾರ ಮನೆಯ ಮದುವೆಯಿರಲಿ, ಅರಿಶಿಣ ಬೀಸಲು ಬೀಸುಕಲ್ಲಿನ ಮುಂದೆ ಇವರಿಬ್ಬರೇ ಎದುರುಬದುರು ಕೂಡಬೇಕು; ಸೈದಪ್ಪನ ಮದುವೆಗೂ ಇವರೇ ಕೂತಿದ್ದರು. ನಿಂಬೆವ್ವ ಸಾಲು ಎತ್ತುತ್ತಾಳೆ, ಸಾಲಿನ ತುದಿಯನ್ನು ಹುಸೇನಬೀ ಹಿಡಿಯುತ್ತಾಳೆ, ಅಷ್ಟರಲ್ಲಿ ನಿಂಬೆವ್ವ ಉಸಿರು ತೆಗೆದುಕೊಳ್ಳುತ್ತಾಳೆ. ಕಲ್ಲು ನಿಲ್ಲಬಾರದು, ಹಾಡೂ ನಿಲ್ಲಬಾರದು. ನಲವತ್ತು ವರ್ಷದ ರೂಢಿ ಅದು.

ಸೈದಪ್ಪ ಇಬ್ಬರ ನಡುವೆ ದಪ್ಪ ಕೌದಿ ಇಳಿಬಿಟ್ಟು ಒಬ್ಬೊಬ್ಬರಿಗೆ ಒಂದೊಂದು ಮೈಕ್ ಇಟ್ಟ.

“ಮಾರಿ ಕಾಣಲ್ದ ಹೆಂಗ ಹಾಡಬೇಕಲೇ ಸೈದ್ಯಾ?” ಅಂದಳು ನಿಂಬೆವ್ವ.

“ಬ್ಯಾರೆ ಬ್ಯಾರೆ ಹಿಡದ್ರ ಚೊಲೋ ಆಗ್ತದ ದೊಡ್ಡವ್ವ. ನೀ ಸುಮ್ಮ ಹಾಡು.”

ಹಾಡಿದರು, ಚಹಾ ಕುಡಿದರು, ಹೋದರು. ಸೈದಪ್ಪ ಕೇಳುತ್ತ ಕೂತ. ಹುಸೇನಬೀಯ ಗಂಟಲು ಈಗ ಒರಟಾಗಿತ್ತು. ರೊಟ್ಟಿಯಲ್ಲಿ ಹರಳು ಸಿಕ್ಕಂತೆ ಅವನ ಕಿವಿಗೆ ತಾಕಿತು. ಅವಳು ಬಾಯಿ ತೆರೆದಲ್ಲೆಲ್ಲ ಚುಕ್ಕಿ ಇಟ್ಟ, ಗೆರೆ ಕೆಳಗೆಳೆದ. ಹಾಡು ನುಣ್ಣಗಾಯಿತು. ಭಲೇ ಸೈದಪ್ಪ ಎಂದು ತನಗೆ ತಾನೇ ಹೇಳಿಕೊಂಡ.

ವಾರದ ಮೇಲೆ ಇಬ್ಬರೂ ಕೇಳಲು ಬಂದರು. ಹುಸೇನಬೀ ಕಣ್ಣು ಮುಚ್ಚಿ, ಬೀಸುಕಲ್ಲಿನ ಗೂಟ ಹಿಡಿದವಳಂತೆ ತೊಡೆಯ ಮೇಲೆ ಕೈ ತಿರುಗಿಸುತ್ತಿದ್ದಳು. ಅವಳ ಪಾಳಿ ಬಂತು. ದನಿ ಬಾವಿಯೊಳಗಿಂದ ಬಂದಂತೆ ಬಂದು ಅಡಗಿತು. ಕೈ ನಿಂತಿತು. ಮುಂದಿನ ಸಾಲಿಗೂ ಹಾಗೇ; ನಿಂಬೆವ್ವ ಒಬ್ಬಳೇ ಉಸಿರು ಎಳೆದುಕೊಳ್ಳುವುದು ಮಾತ್ರ ಕೇಳುತ್ತಿತ್ತು.

“ಇಕಿ ಎಲ್ಲಿ ಹೋದಳಲೇ?” ಅಂದಳು ನಿಂಬೆವ್ವ.

ನಾನೇ ಇಳಿಸಿದೆ ಎನ್ನಲು ಸೈದಪ್ಪನಿಗೆ ನಾಲಿಗೆ ಏಳಲಿಲ್ಲ. “ನಾ ಏನೂ ಮಾಡಿಲ್ಲ ದೊಡ್ಡವ್ವ. ಮಷಿನೇ ಹಂಗ ಮಾಡ್ಯದ.”

ಥೂ! ಹದಿನೈದು ವರ್ಷ ಊರಿಗೆಲ್ಲ ತನ್ನ ಬೆರಳಿನ ಹೆಚ್ಚುಗಾರಿಕೆ ಹೇಳಿಕೊಂಡು ತಿರುಗಿದವನು!

ಹುಸೇನಬೀ ಸೆರಗು ಸರಿಮಾಡಿಕೊಂಡಳು. “ಇರ್ಲಿ ಬಿಡು ಬೇಟಾ, ನೀ ಮನಸಿಗಿ ಹಚ್ಕೋಬ್ಯಾಡ. ಮಂದಿ ಮಾರಿ ನೋಡಿ ಚೊಲೋ ಹಾಡ್ತಿ ಅಂತಾರ. ಮಷಿನಿಗಿ ಯಾರ ಮುಲಾಜದ? ನನ್ನ ಗಂಟಲಾ ಹೋಗ್ಯದ, ಅದಕ್ಕ ತಿಳದದ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಅವನನ್ನೇ ಸಮಾಧಾನ ಮಾಡಿ ಹೋದಳಲ್ಲ! ಸೈದಪ್ಪ ನಾಚಿಕೆಯಿಂದ ಹಿಡಿಯಷ್ಟಾದ. ಅವತ್ತೇ ಕೂತು ಎಲ್ಲ ಗೆರೆಗಳನ್ನೂ ಮೇಲೆತ್ತಿದ. ಎಷ್ಟು ಹೊತ್ತಿನ ಕೆಲಸ? ಅರ್ಧ ತಾಸೂ ಹಿಡಿಯಲಿಲ್ಲ. ಆದರೆ ಊರಿನಿಂದ ಬಂದ ಸುದ್ದಿಯೇ ಬೇರೆ: ಹುಸೇನಬೀ ಈಗ ಮದುವೆ ಮನೆಗಳಲ್ಲಿ ಬಾಯಿ ಬಿಡುವುದಿಲ್ಲ, ಸುಮ್ಮನೆ ಕಲ್ಲು ತಿರುಗಿಸುತ್ತಾಳೆ. ತುದಿ ಹಿಡಿಯುವವರಿಲ್ಲದೆ ನಿಂಬೆವ್ವ ನಡುನಡುವೆ ಕೆಮ್ಮಿ ನಿಲ್ಲುತ್ತಾಳೆ, ಕಲ್ಲೂ ನಿಲ್ಲುತ್ತದೆ.

ತಿದ್ದಿದ ಹಾಡಿನ ಹೊಸ ಕ್ಯಾಸೆಟ್ ಹಿಡಿದು ಸೈದಪ್ಪ ಮೂರು ಸಲ ಬಸ್ಸಿನ ತನಕ ಹೋಗಿ ಹಿಂದಿರುಗಿದ. ನಾಲ್ಕನೇ ಸಲ ಹತ್ತಿದ. ಊರಲ್ಲಿ ಒಂದು ಮನೆಯಲ್ಲಿ ಅವತ್ತು ಅರಿಶಿಣ ಬೀಸುತ್ತಿದ್ದರು. ಹೆಂಗಸರ ನಡುವೆ ಗಂಡಸು ಹೋಗುವಂತಿಲ್ಲ; ಹೊಸ್ತಿಲ ಹೊರಗೇ ನಿಂತು ಹುಸೇನಬೀಯನ್ನು ಕರೆದ.

“ಖಾಲಾ, ಮಷಿನ್ ಅಲ್ರಿ. ನಿಮ್ಮ ದನಿ ನಾನೇ ಇಳಿಸಿದ್ದು. ಸುಳ್ಳ ಹೇಳೇನಿ.”

ಕಲ್ಲು ನಿಂತಿತು. ಎಲ್ಲರೂ ತಿರುಗಿ ನೋಡಿದರು.

“ಯಾಕ?” ಅಂದಳು ಹುಸೇನಬೀ.

“ಒರಟ ಅನಿಸ್ತು…”

ಅವಳು ಗೂಟದಿಂದ ಕೈ ತೆಗೆದಳು. ಈ ಸಲ ಬೇಟಾ ಅನ್ನಲಿಲ್ಲ.

“ಮಷಿನ್ ಅಂದಿದ್ದೇ ಚೊಲೋ ಇತ್ತಲ್ಲೋ ಸೈದಪ್ಪ. ಮಷಿನಿಗಿ ನಾ ಯಾರಂತ ಗೊತ್ತಿರಲಿಲ್ಲ. ನಿನಗ ಗೊತ್ತಿತ್ತು. ನಿನ್ನ ಅರಿಶಿಣಕ್ಕ ಹಾಡಿದ್ದೂ ಇದೇ ಗಂಟಲಾ.”

ನಿಂಬೆವ್ವ ಒಂದು ಹಿಡಿ ಅರಿಶಿಣ ಕಲ್ಲಿನ ಬಾಯಿಗೆ ಹಾಕಿ ಸಾಲು ಎತ್ತಿದಳು. ಅವಳ ಉಸಿರು ಮುಗಿಯುವ ಹೊತ್ತಿಗೆ ಇನ್ನೊಂದು ದನಿ, ಒರಟಾಗಿ, ಸಿಟ್ಟಿನಿಂದ, ತುದಿಯನ್ನು ಹಿಡಿದುಕೊಂಡಿತು. ಓಣಿಯ ಆಚೆಯವರೆಗೂ ಕೇಳಿಸಿತು ಅದು.

ಸೈದಪ್ಪ ಕ್ಯಾಸೆಟ್ ಹಿಡಿದು ಹೊರಗೆ ನಿಂತೇ ಇದ್ದ. ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ. ಹಾಡು ಮುಗಿಯುವವರೆಗೂ ಹುಸೇನಬೀ ಅವನ ಕಡೆ ತಿರುಗಲಿಲ್ಲ.