ದೊಡ್ಡತ್ತೆಯ ಎಡಮುಷ್ಟಿ

ಲಕ್ವ ಹೊಡೆದ ಮೇಲೆ ನಮ್ಮ ದೊಡ್ಡತ್ತೆಯ ಬಾಯಿ ಬಲಗಿವಿಯ ಕಡೆಗೆ ಎಳೆದುಕೊಂಡಿತ್ತು. ಎಡಗೈ ಮಡಚಿ ಎದೆಗಂಟಿತ್ತು. ಆ ಬಾಯನ್ನು ಆಯನೂರಿನ ಮದುವೆಮನೆಯೊಂದರಲ್ಲಿ ಅಣಕಿಸಿ ನಗಿಸಿದ ಮಂಗ ನಾನೇ. ಅದೂ ಸಾಲದೆಂದು, ಅವಳಿಗೆ ಆಗಾಗ ಬರುತ್ತಿದ್ದ ಮೂರ್ಛೆಯನ್ನೂ ಆಡಿ ತೋರಿಸಿದೆ. ಎಲ್ಲರಿಗಿಂತ ಜೋರಾಗಿ ನಕ್ಕವರು ಶಿವಮೊಗ್ಗದ ಮಂಡಿ ಸಾಹುಕಾರರು. ದೊಡ್ಡತ್ತೆಯ ಮೊಮ್ಮಗಳನ್ನು ಸೊಸೆ ಮಾಡಿಕೊಳ್ಳಲು ಒಪ್ಪಿದ್ದವರು. ನಕ್ಕು ಮುಗಿದ ಮೇಲೆ, "ಇದು ಯಾರದು ಮಾರಾಯ?" ಎಂದರು. ಚಪ್ಪಾಳೆಯ ಅಮಲಿನಲ್ಲಿ ಹೇಳಿಯೂ ಬಿಟ್ಟೆ.

ದೊಡ್ಡತ್ತೆಗೂ ನನಗೂ ಮೊದಲಿನಿಂದ ಆಗದು. ಭದ್ರಾವತಿಯ ಜನ್ನಾಪುರದ ಮನೆಯ ಜಗಲಿಯಲ್ಲಿ ಕೂತು, ಕಾರ್ಖಾನೆಯಿಂದ ಮರಳುವವರನ್ನೆಲ್ಲ ಬೈಯುವುದು ಅವಳ ಸಾಯಂಕಾಲದ ಕೆಲಸ. ನನ್ನನ್ನು ಕಂಡರೆ, "ಬಂದೇನೋ, ಸ್ವಂತ ಮುಖ ಇಲ್ದೋನೇ" ಅನ್ನುತ್ತಿದ್ದಳು. ಸುಳ್ಳೇನಲ್ಲ.

ಮರುವಾರವೇ ಸಾಹುಕಾರರು ಬಂದರು. ಕಾಫಿ ಮುಟ್ಟಲಿಲ್ಲ.

"ವಂಶದಲ್ಲಿ ಮೂರ್ಛೆರೋಗ ಇರೋದನ್ನ ಯಾಕೆ ಮುಚ್ಚಿಟ್ರಿ?"

"ವಂಶದ್ದಲ್ಲ," ಎಂದಳು ದೊಡ್ಡತ್ತೆ, ತೊದಲುತ್ತ. "ಅರವತ್ತು ವರ್ಷ ನನಗೆ ತಲೆ ತಿರುಗಿದ್ದೂ ಇಲ್ಲ. ಲಕ್ವ ಹೊಡೆದು ವರ್ಷದ ಮೇಲೆ ಇದು ಶುರುವಾಯ್ತು. ಅದು ಮಿದುಳಲ್ಲಿ ಬಿಟ್ಟ ಗಾಯದ ಕಲೆ ಹೀಗೆ ಕೆಣಕುತ್ತೆ ಅಂತ ಡಾಕ್ಟ್ರು ಹೇಳಿದಾರೆ."

"ಅಂಟೋ ರೋಗ ಅಂತಾರಲ್ಲ?"

"ಅಂತಾರೆ ಅನ್ನೋರು ಯಾವ ಡಾಕ್ಟ್ರು?"

ಅಷ್ಟರಲ್ಲಿ ಅವಳ ಎಡಗೈ ಬೆರಳು ಅದುರತೊಡಗಿತು. ಅದುರು ತೋಳಿಗೇರಿ, ಅವಳು ಗೋಡೆಗೆ ಒರಗಿಬಿಟ್ಟಳು. ಮೂರ್ಛೆ ಬಂದವರ ಕೈಗೆ ಕಬ್ಬಿಣ ಕೊಟ್ಟರೆ ನಿಲ್ಲುತ್ತದೆಂದು ನಮ್ಮಲ್ಲಿ ನಂಬಿಕೆ. "ಕಬ್ಬಿಣ, ಕಬ್ಬಿಣ" ಎಂದು ಕೂಗಿದೆ. ಊರಿಗೆ ಊರೇ ಕಬ್ಬಿಣ ಕಾಯಿಸುವ ಭದ್ರಾವತಿಯಲ್ಲಿ ಆ ಹೊತ್ತಿಗೆ ಒಂದು ಮೊಳೆ ಸಿಗಲಿಲ್ಲ. ಗಾಬರಿಬಿದ್ದ ಸಾಹುಕಾರರೇ ಸೊಂಟದ ಬೀಗದಕೈ ಗೊಂಚಲು ಕಿತ್ತು ಆ ಎಡಗೈಗೆ ತುರುಕಿ, ಪಂಚೆಗೆ ಕೈ ಒರೆಸಿಕೊಂಡರು.

ಮೂರ್ಛೆ ಬಿಟ್ಟಿತು. ಮುಷ್ಟಿ ಬಿಡಲಿಲ್ಲ.

ಅವಳಿಗೆ ಪೂರ್ತಿ ಎಚ್ಚರವಾಗುವವರೆಗೂ ಸಾಹುಕಾರರು ಜಗಲಿಯಲ್ಲಿ ಶತಪಥ ಹಾಕಿದರು. ಆಮೇಲೆ, "ಈ ಸಂಬಂಧ ಬೇಡ. ಬೀಗದಕೈ ಕೊಡಿ, ಮಂಡಿ ತೆಗೀಬೇಕು" ಎಂದರು. ಕೈ ಮಾತ್ರ ಮುಂದೆ ಚಾಚಲಿಲ್ಲ. ಒಳಗೆ ಮೊಮ್ಮಗಳು ಬಿಕ್ಕುತ್ತಿದ್ದಳು.

ದೊಡ್ಡತ್ತೆ ಈಗಿಲ್ಲ. ಬೈಯುವವಳಿಲ್ಲದೆ ಜಗಲಿಯೂ ಬಣಗುಡುತ್ತದೆ. ಆದರೆ ಗೊತ್ತುಮಾಡಿದ ದಿನಕ್ಕೇ ಲಗ್ನ ನಡೆದದ್ದು ಅವಳು ಆವತ್ತು ಅಂದ ಮಾತಿನಿಂದ:

"ನನ್ನ ರೋಗ ಅಂಟೋದಾದ್ರೆ ನಿಮ್ಮ ಬೀಗದಕೈಗೆ ಆಗಲೇ ಅಂಟಿದೆ, ಸಾಹುಕಾರ್ರೇ. ಅದನ್ನ ಬಿಡಿಸ್ಕೊಳ್ಳೋ ಧೈರ್ಯ ಇದ್ರೆ ಹುಡುಗೀನೂ ಕರ್ಕೊಂಡು ಹೋಗಿ. ಇಲ್ದಿದ್ರೆ ಎರಡೂ ಇಲ್ಲೇ ಇರ್ಲಿ."