ಹದಿನೇಳನೇ ನಂಬರಿನ ಮನೆ

“ಮನೆ ಖಾಲಿ ಇಲ್ಲ” ಎಂಬ ಮಾತನ್ನು ಉಮ್ಮರಬ್ಬ ಮೂರನೇ ಸಲ ಕೇಳಿಸಿಕೊಂಡದ್ದು ೧೯೮೪ರ ಮಾರ್ಚ್‌ನಲ್ಲಿ, ಸೌದಿ ಅರೇಬಿಯಾದ ಜುಬೈಲಿನ ತನ್ನ ಕಂಪನಿಯ ವಸತಿ ಕಚೇರಿಯಲ್ಲಿ.

ಮಂಗಳೂರು ಬಳಿಯ ಕಾಟಿಪಳ್ಳದ ಈ ಮನುಷ್ಯ ಆರು ವರ್ಷ ವೆಲ್ಡರನಾಗಿ ಬೆಂದು, ಪರೀಕ್ಷೆಗೆ ಕೂತು ಪಾಸಾಗಿ, ಆಗಷ್ಟೇ ವೆಲ್ಡಿಂಗ್ ಇನ್‌ಸ್ಪೆಕ್ಟರ್ ಆಗಿದ್ದ. ಆ ಹುದ್ದೆಯವರಿಗೆ ಸಂಸಾರ ಸಮೇತ ಇರಲು ಮನೆ ಕೊಡಬೇಕೆಂದು ನಿಯಮವೇ ಇತ್ತು. ಆದರೆ ಬೇಲಿಯೊಳಗಿನ ಬಿಳಿಗೋಡೆಯ ಮನೆಗಳಲ್ಲಿದ್ದವರೆಲ್ಲ ಅಮೆರಿಕ, ಇಂಗ್ಲೆಂಡಿನವರು. ಇಂಡಿಯಾದವನು ಯಾವ ಹುದ್ದೆಗೇರಿದರೂ ಕ್ಯಾಂಪಿನ ತಗಡಿನ ಕೋಣೆಯೇ ಗತಿ. ಮದುವೆಯಾಗಿ ಐದು ವರ್ಷವಾದರೂ ಹೆಂಡತಿ ಹಲೀಮತ್‌ಳ ಜೊತೆ ಅವನು ಬಾಳಿದ್ದು ರಜೆಯ ದಿನಗಳಷ್ಟೇ. ಮಗಳು ಸಫಿಯತ್ ಅವನನ್ನು ಫೋಟೋದಲ್ಲಿ ಗುರುತಿಸುತ್ತಿದ್ದಳು. ಎದುರು ನಿಂತರೆ ತಾಯಿಯ ಹಿಂದೆ ಅಡಗುತ್ತಿದ್ದಳು.

ಅವನ ಮೇಲಧಿಕಾರಿ ವಿಲ್ಬರ್ ಆ ಬೇಲಿಯೊಳಗಿದ್ದ ಒಬ್ಬನೇ ಕಪ್ಪು ಅಮೆರಿಕನ್. ಸುದ್ದಿ ಕೇಳಿ ಅವನು ಕುರ್ಚಿ ಹತ್ತಿರ ಎಳೆದುಕೊಂಡ.

“ನನ್ನ ಅಪ್ಪ ಯುದ್ಧ ಮುಗಿಸಿ ಬಂದು ಶಿಕಾಗೋ ಹೊರವಲಯದಲ್ಲಿ ಮನೆ ಕೇಳಿದಾಗ ಎಲ್ಲ ಮಾರಾಟವಾಗಿದೆ ಎಂದರು. ಅದೇ ಮಧ್ಯಾಹ್ನ ಅವನ ಬಿಳಿಯ ಗೆಳೆಯ ಹೋದರೆ ಮೂರು ಮನೆ ತೋರಿಸಿದರು. ಅಪ್ಪ ಕೋರ್ಟಿಗೆ ಹೋಗಿ ಮನೆ ಪಡೆದ. ಕಿಟಕಿಗೆ ಕಲ್ಲು ಬಿತ್ತು. ಆದರೂ ಕದಲಲಿಲ್ಲ.”

ಉಮ್ಮರಬ್ಬ ದಂಗಾದ. ಅಮೆರಿಕದವರಲ್ಲೂ ಮನೆ ಸಿಗದವರಿದ್ದಾರೆಂದು ಅವನು ಯೋಚಿಸಿಯೇ ಇರಲಿಲ್ಲ.

“ನಾವೂ ಹಾಗೇ ಪರೀಕ್ಷಿಸೋಣ” ಎಂದ ವಿಲ್ಬರ್.

ಕ್ಯಾಂಪಿನ ಕೋಣೆಯಲ್ಲಿ ಜೊತೆಗಿದ್ದ ಅಬ್ದುಲ್ ಜಲೀಲ್ ಆ ರಾತ್ರಿ ಇದನ್ನು ಕೇಳಿ ಹೆದರಿದ. “ನಿಂಗೆ ಮರ್ಲಾ ಮಾರಾಯ? ನಾಳೆ ಪಾಸ್‌ಪೋರ್ಟಿಗೆ ಫೈನಲ್ ಎಕ್ಸಿಟ್ ಹೊಡೆದು ಊರಿಗೆ ಕಳಿಸಿದ್ರೆ ಎಂತ ಮಾಡ್ತಿ?”

“ಕಳಿಸಿದ್ರೆ ಹೆಂಡ್ತಿ ಮಕ್ಕಳ ಹತ್ರವೇ ಅಲ್ವಾ ಹೋಗುದು” ಎಂದ ಉಮ್ಮರಬ್ಬ.

ಮರುದಿನ ಬೆಳಿಗ್ಗೆ ಸ್ಕಾಟ್ಲೆಂಡಿನಿಂದ ಹೊಸದಾಗಿ ಬಂದಿದ್ದ ಒಬ್ಬ ಫೋರ್‌ಮನ್, ಉಮ್ಮರಬ್ಬನಿಗಿಂತ ಕೆಳಗಿನ ಹುದ್ದೆಯವನು, ವಿಲ್ಬರ್‌ನ ಮೇಜಿನಿಂದ ವಸತಿ ಕಚೇರಿಗೆ ಫೋನ್ ಮಾಡಿದ. ಉಮ್ಮರಬ್ಬ ರಿಸೀವರಿಗೆ ಕಿವಿ ತಾಗಿಸಿ ನಿಂತಿದ್ದ. ಎದೆಬಡಿತ ಫೋನಿನಲ್ಲಿ ಕೇಳಿಸಿಬಿಟ್ಟರೆ ಎಂದು ಅವನಿಗೆ ದಿಗಿಲು.

“ಹದಿನಾಲ್ಕು, ಹದಿನೇಳು, ಇಪ್ಪತ್ತೆರಡು ಖಾಲಿ ಇವೆ. ಯಾವುದು ಬೇಕು?” ಎಂದಿತು ಆ ಕಡೆಯ ದನಿ.

ಮೂವರೂ ಹೆಲ್ಮೆಟ್ ತೆಗೆಯದೆ ಮರಳ ಮೇಲೆ ಓಡಿದಂತೆ ವಸತಿ ಕಚೇರಿಗೆ ನಡೆದರು. ಮನೆ ನಂಬರುಗಳನ್ನು ಬರೆದ ಚೀಟಿಯನ್ನು ವಿಲ್ಬರ್ ಅಧಿಕಾರಿಯ ಮುಂದಿಟ್ಟ. ಅಧಿಕಾರಿಯ ಮುಖ ಕೆಂಪೇರಿತು. “ನನ್ನದೇನೂ ಅಡ್ಡಿಯಿಲ್ಲ. ಅಕ್ಕಪಕ್ಕದವರು ಒಪ್ಪುವುದಿಲ್ಲ” ಎಂದ.

ಮಾತಾಡಬೇಕಾದವನು ತಾನೇ ಎಂದು ಉಮ್ಮರಬ್ಬನಿಗೆ ಆಗ ಹೊಳೆಯಿತು. “ಸರ್, ನಾನು ಬೆಸುಗೆ ನೋಡಿ ಸಹಿ ಹಾಕಿದ ಮೇಲೆಯೇ ನಿಮ್ಮವರು ಸ್ಟೀಮ್ ಪೈಪಿನ ಪಕ್ಕ ನಿಲ್ಲುತ್ತಾರೆ. ಪ್ರಾಣವನ್ನೇ ನಂಬಿ ಕೊಟ್ಟವರಿಗೆ ನನ್ನ ಪಕ್ಕದ ಮನೆಯಲ್ಲಿರಲು ಏನು ಕಷ್ಟ?”

ಸ್ಕಾಟ್ಲೆಂಡಿನವನು, “ನನಗಂತೂ ಕಷ್ಟವಿಲ್ಲ” ಎಂದ.

ದೂರು ಮೇಲಕ್ಕೆ ಹೋಯಿತು. ಮೂರು ವಾರ ಜಲೀಲ್ ದಿನಾ ದುವಾ ಮಾಡಿದ. ನಾಲ್ಕನೇ ವಾರ ಹದಿನೇಳನೇ ಮನೆಯ ಕೀಲಿ ಉಮ್ಮರಬ್ಬನ ಅಂಗೈಯಲ್ಲಿತ್ತು.

ಆಗಸ್ಟಿನಲ್ಲಿ ಹಲೀಮತ್ ಮಗಳೊಂದಿಗೆ ಬಂದಳು. ಕೋಣೆಯಿಂದ ಕೋಣೆಗೆ ನಡೆದು, “ಇದೆಲ್ಲ ನಮಗೆ ಮಾತ್ರವಾ?” ಎಂದು ಎರಡು ಸಲ ಕೇಳಿದಳು. ಎಡಗಡೆಯ ಮನೆಯವರು ಒಂದೇ ತಿಂಗಳಲ್ಲಿ ಬೇರೆ ಬೀದಿಗೆ ಹೋದರು. ಅದು ತಮ್ಮ ಕಾರಣಕ್ಕೇ ಎಂದು ತಿಳಿದ ದಿನ ಹಲೀಮತ್ ಅಡುಗೆ ಮಾಡಲಿಲ್ಲ. ಆದರೆ ಬಲಗಡೆಯ ಮನೆಯ ಮುದುಕಿ ಸಫಿಯತ್‌ಳಿಗೆ ಸೈಕಲ್ ತುಳಿಯಲು ಕಲಿಸಿದಳು. ಎಡಗಡೆಯ ಖಾಲಿ ಮನೆಗೆ ಭಟ್ಕಳದ ಅತೀಕುರ್ರಹ್ಮಾನ್ ಸಂಸಾರ ಬಂತು, ಆಮೇಲೆ ಬೀದಿಯ ತುದಿಗೆ ಒಂದು ಫಿಲಿಪೈನ್ಸ್ ಕುಟುಂಬ. ಸಂಜೆಯಾದರೆ ಮಕ್ಕಳ ಗಲಾಟೆಯಲ್ಲಿ ಯಾರದು ಯಾವ ಭಾಷೆ ಎಂದೇ ತಿಳಿಯುತ್ತಿರಲಿಲ್ಲ.

ಉಮ್ಮರಬ್ಬ ಡ್ಯೂಟಿ ಬಸ್ಸಿನಿಂದ ಇಳಿದೊಡನೆ ಆ ಗಲಾಟೆಯ ನಡುವಿನಿಂದ ಸಫಿಯತ್ ಓಡಿ ಬರುತ್ತಿದ್ದಳು.