ಹೆಜ್ಜೇನು ಮತ್ತು ಹಣ್ಣುಮಲ್ಲಿಗೆ

ಕಾರವಾರದ ಶಿರವಾಡದಲ್ಲಿ ನೀತಾ ನಾಯ್ಕ ಎರಡು ಕೋಣೆ ಹಿಡಿದು ಸೆಂಟು ತಯಾರಿಸುತ್ತಾಳೆ. ಅಲ್ಲಿ ಬಾಟಲಿಗೆ ಚೀಟಿ ಹಚ್ಚುವವಳು ನಾನು, ಕಲಾವತಿ. ನೀತಾ ಮೊದಲು ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಹನ್ನೆರಡು ವರ್ಷ ಬಾಟಲಿ ತೊಳೆದವಳು. ತೊಳೆಯುತ್ತ ತೊಳೆಯುತ್ತಲೇ ಮೂಗು ಪಳಗಿತು. ಈಗ ಯಾವ ಕಂಪನಿಯ ಹಂಗೂ ಇಲ್ಲದೆ ತಾನೇ ಬೆರೆಸಿ, ತಾನೇ ಹೆಸರಿಟ್ಟು, ಪಾರ್ಸೆಲ್ ಮಾಡಿ ಊರೂರಿಗೆ ಕಳಿಸುತ್ತಾಳೆ. ಪೇಪರಿನವರು ಒಮ್ಮೆ ಅವಳನ್ನು ಧೈರ್ಯವಂತೆ ಎಂದು ಬರೆದರು. ಶುದ್ಧ ಸುಳ್ಳು. ಗ್ಯಾಸು ಆರಿಸಿದ್ದೆನೋ ಇಲ್ಲವೋ ಎಂದು ಬಸ್ ಸ್ಟಾಪಿನಿಂದ ತಿರುಗಿ ಬರುವ ಹೆಂಗಸು ಅವಳು.

ಅವಳ ಹೆದರಿಕೆಯೆಲ್ಲ ಅವಳ ಆಯಿ, ಅಂದರೆ ತಾಯಿ, ಗಂಗೂವಿನಿಂದ ಬಂದದ್ದು. ಗಂಗೂ ಅಂಕೋಲಾ ಹತ್ತಿರದ ಶೆಟಗೇರಿಯಲ್ಲಿ ಮಗ ಬೊಮ್ಮಯ್ಯನ ಸಂಸಾರದ ಜತೆಗಿದ್ದಾಳೆ. ಗಂಡ ತೀರಿಕೊಂಡು ಮೂವತ್ತು ವರ್ಷವಾಯಿತು. ಅಂದಿನಿಂದ ಹೂ ಮುಡಿದಿಲ್ಲ. ಹಬ್ಬ ಬಂದರೆ ಮನೆಯ ಹೆಂಗಸರಿಗೆಲ್ಲ ಮಲ್ಲಿಗೆ ಕಟ್ಟಿಕೊಟ್ಟು, ಬಾವಿಕಟ್ಟೆಗೆ ಹೋಗಿ ಸೋಪು ಹಚ್ಚಿ ಕೈ ತೊಳೆಯುತ್ತಿದ್ದಳು. ಕೈಗೆ ಪರಿಮಳ ಉಳಿದರೂ ಯಾರಾದರೂ ಆಡಿಕೊಂಡಾರು ಎಂಬ ಭಯ. ಚಿಕ್ಕ ನೀತಾ ಅದನ್ನು ನೋಡುತ್ತ ನಿಂತಿರುತ್ತಿದ್ದಳಂತೆ.

ಹೂ ಬೇಡವೆಂದರೆ ಬೇಡ, ಸೆಂಟು ಹಾಕಬಾರದೆಂದು ಯಾವ ಶಾಸ್ತ್ರದಲ್ಲಿದೆ? ಹಾಗೆಂದುಕೊಂಡು ನೀತಾ ಮೂರು ವರ್ಷ ಕೂತು ‘ಹಣ್ಣುಮಲ್ಲಿಗೆ’ ಮಾಡಿದಳು. ಸಂಜೆ ಬಿರಿದ ದುಂಡುಮಲ್ಲಿಗೆ, ಅದರ ಹಿಂದೆಯೇ ಅಡುಗೆಮನೆಯಲ್ಲಿ ತೂಗುಹಾಕಿದ ಬಾಳೆಗೊನೆ ಹಣ್ಣಾಗುವ ವಾಸನೆ. ಅಪ್ಪ ಇದ್ದಾಗ ಆಯಿಯ ಸೆರಗಿಗೆ ಇದೇ ವಾಸನೆ ಇತ್ತಂತೆ. ಮೊದಲ ಬಾಟಲಿ ಆಯಿಗೇ ಹೋಯಿತು. ಎರಡು ತಿಂಗಳಾದರೂ ಆಯಿ ಮುಚ್ಚಳ ತೆಗೆಯಲಿಲ್ಲ.

ಮಾರ್ಚಿನ ಒಂದು ಸಂಜೆ ನೀತಾ ಫೋನಿನಲ್ಲಿ ರೇಗಿದಳು. “ನಾಳೆ ಬೆಳಿಗ್ಗೆ ಮಿಂದ ಕೂಡ್ಲೇ ಹಾಕ್ಕಣಬೇಕು ಆಯಿ. ನನ್ನ ಆಣೆ.”

ಆಯಿ ಹೂಂ ಅಂದಳು. ಮಾತು ತಿರುಗಿಸಲು, ಅಂಗಳದಂಚಿನ ಆಲದಮರಕ್ಕೆ ಈ ಸಲವೂ ಹೆಜ್ಜೇನು ಬಂದಿದೆ, ಐದು ಗೂಡು, ಎಂದು ಸುದ್ದಿ ಹೇಳಿದಳು.

ಮರುದಿನ ಹತ್ತು ಗಂಟೆಗೆ ಜೇನು ಕೀಳುವ ತಿಮ್ಮು ನಮಗೆ ಮೇಣ ಕೊಡಲು ಬಂದ. ನೀತಾ ಹಣ್ಣುಮಲ್ಲಿಗೆಯನ್ನೇ ತುಂಬುತ್ತಿದ್ದಳು. ತಿಮ್ಮು ಬಾಗಿಲಲ್ಲೇ ನಿಂತುಬಿಟ್ಟ.

“ಬಾಳೆಹಣ್ಣಿನ ವಾಸನೆ ಎಂತದು ನೀತಕ್ಕ? ಜೇನು ಒಂದು ಕಚ್ಚಿದ್ರೆ ಅಲ್ಲಿಂದ ಇದೇ ವಾಸನೆ ಬತ್ತದೆ. ಇದು ಮೂಗಿಗೆ ಬಡಿದ್ರೆ ಗೂಡಿಗೆ ಗೂಡೇ ಎದ್ದು ಬತ್ತದೆ. ಜೇನು ಕೀಳೂಕೆ ಹೋಗೂ ದಿವ್ಸ ನಾವು ಬಾಳೆಹಣ್ಣು ಮುಟ್ಟೂದೂ ಇಲ್ಲ.”

ನೀತಾಳ ಕೈಯಲ್ಲಿದ್ದ ಬಾಟಲಿ ಜಾರಿ ಅರ್ಧ ಅವಳ ಚೂಡಿದಾರದ ಮೇಲೇ ಚೆಲ್ಲಿತು. “ಆಯಿ ದಿನಾ ಆ ಮರದ ಬುಡವೇ ಗುಡ್ಸೂದು” ಅಂದಳು. ಫೋನ್ ಹಚ್ಚಿದಳು. ಎತ್ತಲಿಲ್ಲ. ಮತ್ತೆ ಹಚ್ಚಿದಳು. ಬೊಮ್ಮಯ್ಯನೂ ಅವನ ಹೆಂಡತಿಯೂ ಕೆಲಸಕ್ಕೆ ಹೋಗಿದ್ದರು.

ನಾವಿಬ್ಬರೂ ಸ್ಕೂಟರ್ ಹತ್ತಿದೆವು. ದಾರಿ ಬದಿಯ ಅರ್ಗಾದ ನೇವಿ ಗೋಡೆ ಅಂದು ಮುಗಿಯಲೇ ಇಲ್ಲ. ಹಿಂದೆ ಕೂತ ನಾನು ಫೋನ್ ಒತ್ತುತ್ತಲೇ ಇದ್ದೆ. “ಆಣೆ ಹಾಕ್ದೆನಲ್ಲೇ, ಆಣೆ ಹಾಕ್ದೆನಲ್ಲೇ” ಎಂದು ಅವಳು ದಾರಿಯುದ್ದಕ್ಕೂ ಗೊಣಗಿದಳು. ಆದರೆ ಅವಳ ಬಟ್ಟೆಯಿಂದ ಬರುತ್ತಿದ್ದ ವಾಸನೆ ನಮಗಿಬ್ಬರಿಗೂ ತಿಳಿಯಲಿಲ್ಲ. ದಿನವಿಡೀ ಅದರಲ್ಲೇ ಮುಳುಗಿರುವ ಮೂಗಿಗೆ ಏನು ತಿಳಿಯುತ್ತದೆ?

ಶೆಟಗೇರಿ ಮುಟ್ಟಿದಾಗ ಆಯಿ ಆಲದಮರದ ಬುಡದಲ್ಲಿ ಕಸಬರಿಗೆ ಹಿಡಿದು ನೆಟ್ಟಗೆ ನಿಂತಿದ್ದಳು. ಏನೂ ಆಗಿರಲಿಲ್ಲ. ನೀತಾ ಸ್ಕೂಟರನ್ನು ಅಲ್ಲೇ ಕೆಡವಿ, ಓಡಿ ಹೋಗಿ ಆಯಿಯನ್ನು ತಬ್ಬಿಕೊಂಡಳು.

“ಸೆಂಟು ಹಾಕಿದ್ಯಾ? ಹೇಳು, ಹಾಕಿದ್ಯಾ?”

“ಇಲ್ವೆ ಮಗಾ. ಜನಕ್ಕೆ ಹೆದ್ರಿಕಂಡು…” ಆಯಿ ಮೂಗು ಅರಳಿಸಿದಳು. “ನಿನ್ನ ಮೈಯೆಲ್ಲ ಎಂತದೇ ಇದು, ಬಾಳೆಹಣ್ಣು?”

ನೀತಾ ತನ್ನ ತೋಳು ನೋಡಿಕೊಂಡಳು. ಅಲ್ಲೊಂದು ಹುಳ ಆಗಲೇ ಕೂತಿತ್ತು. ಬಡಿದಳು, ಕಚ್ಚಿತು. ಮೇಲೆ ಗೂಡುಗಳ ಕಪ್ಪು ಮೈ ಅಲುಗಿತು, ಆಮೇಲೆ ಆ ಸದ್ದು.

ನಾನು ಸುಳ್ಳು ಹೇಳುವುದಿಲ್ಲ, ಕೊಟ್ಟಿಗೆಗೆ ನುಗ್ಗಿ ಬಾಗಿಲು ಹಾಕಿಕೊಂಡೆ. ಸಂದಿಯಿಂದ ಕಂಡೆ: ತರಗೆಲೆ ತುಂಬಲು ಇಟ್ಟಿದ್ದ ಗೋಣಿಚೀಲಗಳನ್ನೆಲ್ಲ ಆಯಿ ಮಗಳ ಮೇಲೆ ಎಳೆದಳು, ಅವಳನ್ನು ನೆಲಕ್ಕೆ ಒತ್ತಿದಳು, ಅದರ ಮೇಲೆ ತಾನು ಬಿದ್ದಳು. ನೆರೆಮನೆಯವರು ಒದ್ದೆ ಹುಲ್ಲಿನ ಹೊಗೆ ಹಾಕಿ ಬರುವ ತನಕ ಏಳಲಿಲ್ಲ.

ಅಂಕೋಲಾದ ಆಸ್ಪತ್ರೆಯಲ್ಲಿ ಎಂಟು ಮುಳ್ಳು ನೀತಾಳ ಮೈಯಿಂದ ತೆಗೆದರು. ಆಯಿಯ ಮೈಯಿಂದ ತೆಗೆದದ್ದಕ್ಕೆ ಲೆಕ್ಕವಿಲ್ಲ. ವಯಸ್ಸಾಗಿದೆ, ಎರಡು ದಿನ ಏನೂ ಹೇಳಲಾಗದು ಎಂದರು ಡಾಕ್ಟರು. ನೀತಾ ಆಸ್ಪತ್ರೆಯ ನಲ್ಲಿಯಡಿ ತೋಳು ಹಿಡಿದು, ಸೋಪು ಹಚ್ಚಿ ಹಚ್ಚಿ ತೊಳೆದಳು. ವಾಸನೆ ಹೋಗಿ ಎಷ್ಟೋ ಹೊತ್ತಾಗಿದ್ದರೂ ತೊಳೆದಳು. ಆಯಿಯ ಹತ್ತಿರ ಹೋಗಲು ಅವಳಿಗೆ ಧೈರ್ಯವಿರಲಿಲ್ಲ, ಬಾಗಿಲಲ್ಲೇ ಕೂತಳು.

ನೋಡಲು ಬಂದ ಊರಿನ ಹೆಂಗಸರು ಹೊರಗೆ ಪಿಸುಗುಟ್ಟಿದ್ದು ನನ್ನ ಕಿವಿಗೆ ಬಿತ್ತು. “ಗಂಗೂ ಸೆಂಟು ಹಾಕ್ಕಂಡಿತ್ತಂತೆ. ಗಂಡ ಇಲ್ದವಳಿಗೆ ಎಂತಕ್ಕೆ ಬೇಕಿತ್ತು?” ನನಗೆ ಮೈ ಉರಿದುಹೋಯಿತು.

ಮೂರನೆಯ ಬೆಳಿಗ್ಗೆ ಆಯಿಯ ಒಂದು ಕಣ್ಣು ತೆರೆಯಿತು. ಮೊದಲು ಕೇಳಿದ್ದೇ, “ಊರಲ್ಲಿ ಎಂತ ಹೇಳ್ತ್ರು?”

ನನ್ನ ಬಾಯಿ ಸುಮ್ಮನಿರುವುದಲ್ಲ. ಕೇಳಿದ್ದನ್ನು ಹೇಳಿಬಿಟ್ಟೆ.

ಆಯಿ ತನ್ನ ಎರಡೂ ಅಂಗೈ ತಿರುಗಿಸಿ ನೋಡಿಕೊಂಡಳು. “ಹಾಕದಿದ್ರೂ ಹಾಕ್ದೆ ಅಂದ್ರಾ? ಹಂಗಾರೆ ಮೂವತ್ತು ವರ್ಷ ಕೈ ತೊಳದದ್ದು ದಂಡ ಆಯ್ತಲ್ಲೆ.”

ಮತ್ತೆ ಬಾಗಿಲ ಕಡೆ ಊದಿದ ಕೈ ಚಾಚಿ ಮಗಳನ್ನು ಕರೆದಳು.

“ಬಾ ಇಲ್ಲಿ. ಬಾಳೆಹಣ್ಣು ಬ್ಯಾಡ ಮಗಾ. ಇಷಾಡು ಮಾವಿನಹಣ್ಣು ಹಾಕಿ ಮಾಡು. ಆಣೆಗೀಣೆ ಹಾಕೂದು ಬ್ಯಾಡ, ನಾನೇ ಹಾಕ್ಕಂತೆ.”